ಚಿಪ್ಪು ಹೇಳಿದ್ದು, ಒಡಲು ತಿದ್ದಿದ್ದು: ಸವಳು ನೀರಿನ ಬಸವನಹುಳುಗಳ ವರ್ಗೀಕರಣದ ಹಾದಿ

ಬೀದರ್ ಕೋಟೆಯ ಕಂದಕವನ್ನು ಕಡಿದಿರುವ ತೂತುತೂತಾದ ಕೆಂಪು ಕಲ್ಲಿಗೆ ಭೂವಿಜ್ಞಾನದಲ್ಲಿ ಲ್ಯಾಟರೈಟ್ ಎಂದು ಹೆಸರು. ಆ ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಅವರು ಮಲಬಾರಿನ ಅಂಗಡಿಪುರಂ ಬಳಿ ಇದೇ ಬಗೆಯ ಕಲ್ಲನ್ನು ಕಂಡು, 1807ರ ತಮ್ಮ ಪ್ರವಾಸ ಗ್ರಂಥದಲ್ಲಿ ಆ ಹೆಸರನ್ನು ಬಳಕೆಗೆ ತಂದರು. ಪ್ರವಾಸ ಹೊರಟ ವರ್ಷವೇ, ಅಂದರೆ 1800ರಲ್ಲಿ, ಅವರ ಇನ್ನೊಂದು ಪುಟ್ಟ ಬರಹ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಗಿತ್ತು. ಬಂಗಾಳದಲ್ಲಿ ಜೊಂಡಿನ ಎಲೆಗಳ ಮೇಲೆ ಹರಿದಾಡುತ್ತಿದ್ದ ಚಿಪ್ಪಿಲ್ಲದ ಬಸವನಹುಳುವೊಂದಕ್ಕೆ ಅದರಲ್ಲಿ ಅವರು ಒಂಕಿಡಿಯಮ್ ಟೈಫೆ ಎಂದು ಹೆಸರಿಟ್ಟಿದ್ದರು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರಿನಲ್ಲಿ ಬದುಕುವ ಒಂದು ದೊಡ್ಡ ಗುಂಪಿಗೆ ಇಂದಿಗೂ ಆ ಹೆಸರೇ ಮೂಲ. ನಮ್ಮ ಕೋಟೆಯ ಕಲ್ಲಿಗೂ ನದಿ ಕಡಲು ಸೇರುವ ಅಳಿವೆಯ ಹುಳುವಿಗೂ ಹೆಸರು ಕೊಟ್ಟ ಕೈ ಒಂದೇ.

ಕಡಲಿಲ್ಲದ ಬೀದರಿಗೂ ಅಳಿವೆಗೂ ಇರುವ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಭಾಲ್ಕಿ, ಔರಾದ್ ತಾಲ್ಲೂಕುಗಳ ನೀರು ಮಾಂಜ್ರಾ ನದಿಗೆ ಇಳಿಯುತ್ತದೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯಲ್ಲಿ ಅಣೆಕಟ್ಟೆಗೆ ತಡೆದು ನಿಲ್ಲುವ ಕಾರಂಜಾ ಕೂಡ ಮಾಂಜ್ರಾದ ಉಪನದಿಯೇ. ಮಾಂಜ್ರಾ ತೆಲಂಗಾಣದ ಕಂದಕುರ್ತಿಯ ಬಳಿ ಗೋದಾವರಿಯನ್ನು ಸೇರುತ್ತದೆ. ಗೋದಾವರಿ ರಾಜಮಹೇಂದ್ರಿಯನ್ನು ದಾಟಿ, ಕವಲೊಡೆದು, ಕಾಕಿನಾಡದ ಹತ್ತಿರ ಕೋರಿಂಗಾ ಕಾಂಡ್ಲಾ ಕಾಡಿನ ಕೆಸರಿನಲ್ಲಿ ಕಡಲಿಗೆ ಬೀಳುತ್ತದೆ. ಸವಳು ನೀರಿನ ಬಸವನಹುಳುಗಳ ಅಧ್ಯಯನದ ಚರಿತ್ರೆಯ ಹಲವು ಮುಖ್ಯ ಘಟ್ಟಗಳು ಈ ನದಿಯ ದಾರಿಯಲ್ಲೇ ಸಿಗುತ್ತವೆ.

ಎರಡು ನೀರಿನ ನಡುವೆ

ಅಳಿವೆಯ ನೀರಿಗೆ ಒಂದೇ ಗುಣವಿಲ್ಲ. ಉಬ್ಬರದಲ್ಲಿ ಉಪ್ಪೇರುತ್ತದೆ, ಇಳಿತದಲ್ಲಿ ಕೆಸರು ಬಿಸಿಲಿಗೆ ತೆರೆದುಕೊಳ್ಳುತ್ತದೆ, ಮಳೆಗಾಲದಲ್ಲಿ ನೆರೆ ಬಂದು ಎಲ್ಲವೂ ಸಿಹಿಯಾಗುತ್ತದೆ. ಇಲ್ಲಿ ಬಾಳುವ ಹುಳುಗಳು ಹಲವು ಉಪಾಯಗಳನ್ನು ಕಂಡುಕೊಂಡಿವೆ. ಕೆಲವು ಕಾಲಿನ ಹಿಂಬದಿಯ ಮುಚ್ಚಳದಿಂದ ಚಿಪ್ಪಿನ ಬಾಯಿ ಬಿಗಿದು ಕೆಟ್ಟ ಹೊತ್ತನ್ನು ಕಳೆಯುತ್ತವೆ. ಲಿಟ್ಟೊರೇರಿಯಾ ಕುಲದವು ನೀರೇರಿದಂತೆ ಮರವೇರುತ್ತವೆ. ಸೆರಿಥೀಡಿಯಾ ಕುಲದವು ಅಂಟಿನ ಎಳೆಯಿಂದ ಕೊಂಬೆಗೆ ಜೋತು ಬೀಳುತ್ತವೆ. ಕಿವಿಯಾಕಾರದ ಎಲ್ಲೋಬಿಯಮ್ ಕಿವಿರನ್ನು ಬಿಟ್ಟು ಶ್ವಾಸಚೀಲದಿಂದಲೇ ಉಸಿರಾಡುತ್ತದೆ.

ವರ್ಗೀಕರಣದ ತೊಡಕು ಹುಟ್ಟುವುದೂ ಇಲ್ಲೇ. ಒಂದೇ ಕೆಸರಿನಲ್ಲಿ ಒಂದೇ ಬಗೆಯ ಬಾಳು ನಡೆಸುವ ಹುಳುಗಳ ಚಿಪ್ಪುಗಳು, ಒಳಗಿನ ಜೀವಿಗಳಿಗೆ ಹತ್ತಿರದ ರಕ್ತಸಂಬಂಧ ಇಲ್ಲದಿದ್ದರೂ, ಒಂದನ್ನೊಂದು ಹೋಲತೊಡಗುತ್ತವೆ. ಇನ್ನೊಂದು ಕಡೆ ಒಂದೇ ಪ್ರಭೇದದ ಚಿಪ್ಪುಗಳು ಒಂದೊಂದು ಅಳಿವೆಯಲ್ಲಿ ಒಂದೊಂದು ಬಣ್ಣ, ಒಂದೊಂದು ಗೆರೆ ತೋರುತ್ತವೆ. ಚಿಪ್ಪು ಎಷ್ಟು ನಿಜ ಹೇಳುತ್ತದೆ ಎಂಬ ಒಂದೇ ಪ್ರಶ್ನೆ ಈ ಶಾಸ್ತ್ರವನ್ನು ಎರಡೂವರೆ ಶತಮಾನ ನಡೆಸಿಕೊಂಡು ಬಂದಿದೆ.

ಚಿಪ್ಪಿನ ಕಾಲ

1758ರಲ್ಲಿ ನಿಸರ್ಗಶಾಸ್ತ್ರಜ್ಞ ಲಿನ್ನೇಯಸ್ ಅವರ ಮುಂದೆ ಇದ್ದದ್ದು ಖಾಲಿ ಚಿಪ್ಪುಗಳು ಮಾತ್ರ. ಕೆಸರಿನಲ್ಲಿ ಅರ್ಧ ಹೂತು ಬದುಕುವ, ಬೆರಳುದ್ದದ ಕಂದು ಶಂಕುವಿನಂಥ ಚಿಪ್ಪನ್ನು ಅವರು ಬುಗುರಿ ಚಿಪ್ಪುಗಳ ಸಾಲಿಗೆ ಸೇರಿಸಿ ಟ್ರೋಕಸ್ ಟೆಲಿಸ್ಕೋಪಿಯಮ್ ಎಂದರು. 1810ರಲ್ಲಿ ಡೆನಿಸ್ ದ ಮಾಂಟ್‌ಫೋರ್ಟ್ ಅದನ್ನು ಬೇರೆ ಕುಲವಾಗಿಸಿದ ಮೇಲೆ ಅದು ಟೆಲಿಸ್ಕೋಪಿಯಮ್ ಟೆಲಿಸ್ಕೋಪಿಯಮ್ ಆಯಿತು. ಕಿವಿಯಂಥ ಎಲ್ಲೋಬಿಯಮ್ ಚಿಪ್ಪುಗಳನ್ನು ಲಿನ್ನೇಯಸ್ ಕಡಲಿನ ಬುಲ್ಲಾ ಕುಲಕ್ಕೆ ಸೇರಿಸಿದ್ದರು. ಒಂದಕ್ಕೆ ಗ್ರೀಕ್ ಕತೆಯ ಕತ್ತೆಕಿವಿಯ ರಾಜ ಮೈಡಸ್‌ನ ಕಿವಿ ಎಂಬ ಹೆಸರು ಸಂದಿತು.

ನಮ್ಮ ಕರೆಗಳು ಆಗಲೇ ಯುರೋಪಿನ ಸಂಗ್ರಹಗಳಿಗೆ ಚಿಪ್ಪು ಒದಗಿಸುತ್ತಿದ್ದವು. ಡೆನ್ಮಾರ್ಕಿನ ಓ. ಎಫ್. ಮ್ಯುಲ್ಲರ್ 1774ರಲ್ಲಿ ಕೋರಮಂಡಲ ಕರೆಯಿಂದ ಬಂದ ಮೊನಚು ಚಿಪ್ಪೊಂದನ್ನು ಬಣ್ಣಿಸಿದರು. ಇಂದು ಅದರ ಹೆಸರು ಮೆಲನಾಯ್ಡಿಸ್ ಟ್ಯೂಬರ್ಕ್ಯುಲೇಟಾ. ದಖ್ಖನದ ಕೆರೆ, ಕಾಲುವೆ, ಹೊಳೆಗಳಲ್ಲಿ ಸಾಮಾನ್ಯವಾಗಿರುವ ಈ ಹುಳು ಸಿಹಿನೀರಿನದೇ ಆದರೂ ಸಾಕಷ್ಟು ಉಪ್ಪನ್ನೂ ತಾಳುತ್ತದೆ. ಇದರಲ್ಲಿ ಹೆಚ್ಚಿನವು ಗಂಡಿನ ನೆರವಿಲ್ಲದೆಯೇ ಮರಿ ಹಾಕುತ್ತವೆ. ಹೀಗಾಗಿ ಒಂದೇ ಹುಳುವಿನಿಂದ ಒಂದು ಕೆರೆ ತುಂಬಬಹುದು.

1810ರಲ್ಲಿ ಇನ್ನೊಂದು ತಿರುವು ಬಂತು. ಪ್ಯಾರಿಸ್ ಸುತ್ತಲಿನ ಬಂಡೆಗಳನ್ನು ಓದುತ್ತಿದ್ದ ಅಲೆಕ್ಸಾಂಡರ್ ಬ್ರೋಂಞಾರ್, ಯಾವ ಪದರ ಕಡಲಿನದು, ಯಾವುದು ಸಿಹಿನೀರಿನದು ಎಂದು ಬಿಡಿಸಲು ಪಳೆಯುಳಿಕೆ ಚಿಪ್ಪುಗಳ ಮೊರೆ ಹೋದರು. ಆಗ ಅವರು ಕಟ್ಟಿದ ಕುಲ ಪೊಟಮೈಡಿಸ್. ನದಿ ಎಂಬರ್ಥದ ಗ್ರೀಕ್ ಪದದಿಂದ ಬಂದ ಹೆಸರು ಅದು. ಕಾಂಡ್ಲಾ ಕೆಸರಿನ ಅತಿ ಮುಖ್ಯ ಬಸವನಹುಳು ಕುಟುಂಬಕ್ಕೆ, ಪೊಟಮೈಡಿಡೆಗೆ, ಹೆಸರು ಬಂದದ್ದು ಹೀಗೆ ಪಳೆಯುಳಿಕೆಯಿಂದ. ಹುಳುವಿನ ಗುರುತು ಸಿಕ್ಕರೆ ಅಲ್ಲಿ ನಿಂತಿದ್ದ ನೀರಿನ ಗುರುತು ಸಿಗುತ್ತದೆ ಎಂಬ ನಂಬಿಕೆ ಅಂದಿನಿಂದ ಗಟ್ಟಿಯಾಯಿತು.

ದಖ್ಖನದ ಕಪ್ಪುಕಲ್ಲಿನ ಸಾಕ್ಷಿ

ಆ ನಂಬಿಕೆ ನಮ್ಮ ನೆಲಕ್ಕೆ ಬೇಗ ಬಂತು. ಬೀದರಿನ ಕೆಂಪು ಕಲ್ಲಿನಡಿ ಇರುವುದು ದಖ್ಖನದ ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪುಕಲ್ಲು. ಲಾವಾ ಒಮ್ಮೆ ಹರಿದು ನಿಂತು ಇನ್ನೊಮ್ಮೆ ಹರಿಯುವ ನಡುವೆ ಕೆರೆಗಳು ತುಂಬಿದವು, ಗಿಡ ಬೆಳೆದವು, ಹುಳುಗಳು ಬಾಳಿದವು. ಎರಡು ಲಾವಾ ಪದರಗಳ ನಡುವೆ ಸಿಕ್ಕಿಬಿದ್ದ ಈ ಕೆಸರುಗಲ್ಲುಗಳಲ್ಲಿ ಅವುಗಳ ಚಿಪ್ಪು ಉಳಿದಿವೆ. ಮದ್ರಾಸ್ ಸೇನೆಯ ವೈದ್ಯ ಜೆ. ಜಿ. ಮ್ಯಾಲ್ಕಮ್‌ಸನ್ ಔರಾದಿನಿಂದ ಈಶಾನ್ಯಕ್ಕಿರುವ ನಿರ್ಮಲ್ ಬೆಟ್ಟಗಳ ಸೀಮೆಯಲ್ಲಿ ಇಂಥ ಚಿಪ್ಪುಗಳನ್ನು ಆಯ್ದರು. 1840ರಲ್ಲಿ ಅಚ್ಚಾದ ಅವರ ಲೇಖನದಲ್ಲಿ ಜೆ. ಡಿ ಸಿ. ಸೋವರ್ಬಿ ಒಂದು ಎಡಮುರಿ ಚಿಪ್ಪಿಗೆ, ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಅವರ ನೆನಪಿಗೆ, ಫೈಸಾ ಪ್ರಿನ್ಸೆಪಿ ಎಂದು ಹೆಸರಿಟ್ಟರು.

ಫೈಸಾ ಸಿಹಿನೀರಿನ ಹುಳು. ಲಾವಾ ಹರಿದದ್ದು ಕಡಲಡಿಯಲ್ಲೋ ನೆಲದ ಮೇಲೋ ಎಂಬ ಅಂದಿನ ವಾದಕ್ಕೆ ಅದು ಸಾಕ್ಷಿಯಾಯಿತು: ಬಂಡೆಗಳ ನಡುವೆ ಇದ್ದದ್ದು ಸಿಹಿನೀರಿನ ಕೆರೆ. ನಾಗಪುರದ ಪಾದ್ರಿ ಸ್ಟೀಫನ್ ಹಿಸ್ಲಾಪ್ 1860ರಲ್ಲಿ ಈ ಚಿಪ್ಪುಗಳ ದೊಡ್ಡ ಪಟ್ಟಿಯನ್ನೇ ಕೊಟ್ಟರು. ಅವರ ಪಟ್ಟಿಯಲ್ಲಿ ರಾಜಮಹೇಂದ್ರಿ ಬಳಿಯ ಕಾಟೇರು ಗಣಿಯ ಚಿಪ್ಪುಗಳೂ ಇದ್ದವು. ಅವು ಬೇರೆಯೇ ಸಂಗತಿ ಹೇಳಿದವು. ಅಲ್ಲಿ ಟರ್ರಿಟೆಲ್ಲಾ, ಸೆರಿಥಿಯಮ್, ವಿಕಾರಿಯಾದಂಥ ಕಡಲಿನ ಮತ್ತು ಅಳಿವೆಯ ಬಗೆಗಳಿದ್ದವು. ಮೇಲುನೆಲದಲ್ಲಿ ಸಿಹಿನೀರು, ರಾಜಮಹೇಂದ್ರಿಯಲ್ಲಿ ಅಳಿವೆ. ಆಗಿನ ಭೂಪಟವನ್ನು ಬಸವನಹುಳುಗಳೇ ಬರೆದುಕೊಟ್ಟವು. ಗರ್ಟಾ ಕೆಲ್ಲರ್ ಮತ್ತು ಸಂಗಡಿಗರು 2008ರಲ್ಲಿ ರಾಜಮಹೇಂದ್ರಿಯ ಇದೇ ನಡುಪದರಗಳ ಸೂಕ್ಷ್ಮಜೀವಿ ಪಳೆಯುಳಿಕೆಗಳನ್ನು ಓದಿ, ದಖ್ಖನದ ಮಹಾ ಲಾವಾ ಹರಿವಿನ ಮುಖ್ಯ ಹಂತವು ಡೈನೋಸಾರ್‌ಗಳು ಅಳಿದ ಕಾಲದ ಹತ್ತಿರವೇ ಮುಗಿಯಿತೆಂದು ತೋರಿಸಿದರು.

ಅಳಿವೆಗೆ ಇಳಿದವರು

19ನೇ ಶತಮಾನದ ನಡುವಿನಿಂದ ಗಮನ ಜೀವಂತ ಅಳಿವೆಯತ್ತ ಹೊರಳಿತು. ಕಂಪನಿ ಸರ್ಕಾರದ ಅಧಿಕಾರಿ ಡಬ್ಲ್ಯು. ಎಚ್. ಬೆನ್ಸನ್ ಬಂಗಾಳದ ನದೀಮುಖಜ ಭೂಮಿಯ ಸಣ್ಣ ಹುಳುಗಳನ್ನು ಬಣ್ಣಿಸಿದರು. ಬಾಯಿ ಕಿರಿದಾದ ಒಂದು ಗುಂಪಿಗೆ 1856ರಲ್ಲಿ ಅವರು ಇಟ್ಟ ಹೆಸರು ಸ್ಟೀನೋಥೈರಾ, ಅಂದರೆ ಇಕ್ಕಟ್ಟು ಬಾಗಿಲು. ಭೂವಿಜ್ಞಾನಿ ಡಬ್ಲ್ಯು. ಟಿ. ಬ್ಲ್ಯಾನ್‌ಫರ್ಡ್ 1867ರಲ್ಲಿ ಇರಾವತಿ ನದಿಮುಖದ ಚಿಪ್ಪುಗಳ ಪಟ್ಟಿ ಮಾಡಿ, ಇರಾವಾಡಿಯಾ ಎಂಬ ಹೊಸ ಕುಲವನ್ನು ಕಟ್ಟಿದರು. ದಖ್ಖನದ ಲಾವಾ ಬಂಡೆಗಳನ್ನು ಅಳೆದವರಲ್ಲೂ ಅವರು ಮುಖ್ಯರು. ಸತ್ತ ಚಿಪ್ಪು ಯಾವ ನೀರಿನದೆಂದು ಹೇಳಬೇಕಾದರೆ ಜೀವಂತ ಹುಳು ಯಾವ ನೀರಿನಲ್ಲಿದೆ ಎಂದು ತಿಳಿದಿರಬೇಕು. ಎರಡೂ ಕೆಲಸವನ್ನು ಅವರು ಒಟ್ಟಿಗೆ ಮಾಡಿದರು.

ಈ ಸ್ಟೀನೋಥೈರಾ, ಇರಾವಾಡಿಯಾ ಮತ್ತು ಅವುಗಳಂಥದೇ ಅಸಿಮಿನಿಯಾ ಕುಲಗಳಲ್ಲಿ ಹಲವು ಜೋಳದ ಕಾಳಿನಷ್ಟೇ ದೊಡ್ಡವು. ಬರಿಗಣ್ಣಿಗೆ ಎಲ್ಲವೂ ಒಂದೇ. ಅವನ್ನು ಬಿಡಿಸಲು ಕ್ಷೇತ್ರದಲ್ಲೇ ಕೂತು ನೋಡುವವರು ಬೇಕಿತ್ತು. 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಮೊದಲ ನಿರ್ದೇಶಕ ನೆಲ್ಸನ್ ಆನಂಡೇಲ್ ಆ ಕೆಲಸ ಮಾಡಿದರು. ಸ್ಟ್ಯಾನ್ಲಿ ಕೆಂಪ್ ಜೊತೆಗೂಡಿ ಅವರು ಒಡಿಶಾದ ಚಿಲಿಕಾ ಸರೋವರವನ್ನು ಋತುಋತುವಿಗೂ ಗಮನಿಸಿದರು. ಸರೋವರದ ಉಪ್ಪು ಮಳೆಗಾಲಕ್ಕೂ ಬೇಸಿಗೆಗೂ ಹೇಗೆ ಏರಿಳಿಯುತ್ತದೆ, ಅದರೊಡನೆ ಯಾವ ಜೀವಿ ಎಲ್ಲಿಗೆ ಸರಿಯುತ್ತದೆ ಎಂದು ಬರೆದಿಟ್ಟರು. ಮುಂದೆ ಇದೇ ಸಂಸ್ಥೆಯ ನಿರ್ದೇಶಕರಾದ ಬೈನಿ ಪ್ರಸಾದ್ ಅವರೊಂದಿಗೆ ಆನಂಡೇಲ್ 1919ರಲ್ಲಿ ಗಂಗಾ ನದೀಮುಖದ ಬಸವನಹುಳುಗಳ ಬಗ್ಗೆ ಬರೆದರು. ಹೀಗೆ ಚಿಪ್ಪಿನ ಪಕ್ಕದಲ್ಲಿ ನೀರಿನ ವಿವರವೂ ದಾಖಲಾಗತೊಡಗಿತು. ಕೋರಿಂಗಾ ಸೇರಿದ ಗೋದಾವರಿ, ಕೃಷ್ಣಾ ಅಳಿವೆಗಳ ಕಾಂಡ್ಲಾ ಮೃದ್ವಂಗಿಗಳ ಬಗ್ಗೆ ವೈ. ರಾಧಾಕೃಷ್ಣ ಮತ್ತು ಜೆ. ಜಾನಕಿರಾಮ್ ಅವರ ಅಧ್ಯಯನ 1975ರಲ್ಲಿ ಬಂತು.

ಒಡಲು ಮತ್ತು ವಂಶವಾಹಿ

ಚಿಪ್ಪಿನ ಮಾತಿಗೆ ಒಡಲಿನ ತಿದ್ದುಪಡಿ ಬಲವಾಗಿ ಬಂದದ್ದು 1980ರ ದಶಕದಲ್ಲಿ. ಬ್ರಿಟನ್ನಿನ ಡೇವಿಡ್ ರೀಡ್ ಕಾಂಡ್ಲಾ ಮರಗಳ ಲಿಟ್ಟೊರೇರಿಯಾಗಳನ್ನು ಸೀಳಿ ನೋಡಿದರು. ಅದುವರೆಗೆ ಬಣ್ಣ ಬೇರೆಯಾದ ಒಂದೇ ಪ್ರಭೇದವೆಂದು ಗುಡ್ಡೆ ಹಾಕಿದ್ದ ಚಿಪ್ಪುಗಳಲ್ಲಿ ಜನನಾಂಗದ ರಚನೆಯೇ ಬೇರೆಬೇರೆ ಇತ್ತು. ಅವು ಹಲವು ಪ್ರಭೇದಗಳು ಎಂದು 1986ರ ಅವರ ಗ್ರಂಥ ತೋರಿಸಿತು. ಅಮೆರಿಕದ ರಿಚರ್ಡ್ ಹೌಬ್ರಿಕ್ 1991ರಲ್ಲಿ ಟೆರೆಬ್ರೇಲಿಯಾ ಮತ್ತು ಟೆಲಿಸ್ಕೋಪಿಯಮ್‌ಗಳ ಅಂಗರಚನೆಯನ್ನು ಬಿಡಿಸಿಟ್ಟರು. ತಲೆಯ ಎರಡು ಕಣ್ಣುಗಳಲ್ಲದೆ ಮೈಹೊದಿಕೆಯ ಅಂಚಿನಲ್ಲಿ ಇನ್ನೊಂದು ಕಣ್ಣು ಇವಕ್ಕಿದೆ. ಟೆರೆಬ್ರೇಲಿಯಾ ಪಲುಸ್ಟ್ರಿಸ್‌ನ ಮರಿಗಳು ಕೆಸರನ್ನು ಕೆರೆದು ತಿನ್ನುತ್ತವೆ. ದೊಡ್ಡವಾದ ಮೇಲೆ ಉದುರಿದ ಕಾಂಡ್ಲಾ ಎಲೆಯನ್ನು ಮೇಯುತ್ತವೆ, ಅದಕ್ಕೆ ತಕ್ಕಂತೆ ನಾಲಿಗೆಯ ಮೇಲಿನ ಹಲ್ಲುಪಟ್ಟಿಯೂ ಬದಲಾಗುತ್ತದೆ. ಎಲೆ ಕಡಲಿಗೆ ತೇಲಿಹೋಗುವ ಮೊದಲೇ ಅದರ ಸತ್ವವನ್ನು ಕಾಡಿನಲ್ಲೇ ಉಳಿಸುವ ಹುಳು ಇದು.

ಚಿಪ್ಪು ಮಾಡಿದ ಅತಿ ದೊಡ್ಡ ಮೋಸವೂ 1980ರ ದಶಕದಲ್ಲೇ ಬಯಲಾಯಿತು. ಬಟಿಲ್ಲೇರಿಯಾ ಎಂಬ ಕೆಸರು ಬಯಲಿನ ಹುಳುಗಳನ್ನು ಚಿಪ್ಪಿನ ಹೋಲಿಕೆಯಿಂದ ಪೊಟಮೈಡಿಡೆ ಕುಟುಂಬದಲ್ಲೇ ಇಟ್ಟಿದ್ದರು. ವೀರ್ಯಾಣುವಿನ ಸೂಕ್ಷ್ಮ ರಚನೆ ನೋಡಿದಾಗ ಅವು ಬೇರೆ ಕುಟುಂಬದವೆಂದು ತಿಳಿಯಿತು. ಡಿಎನ್‌ಎ ಅದನ್ನು ಖಚಿತಪಡಿಸಿತು.

2008ರಲ್ಲಿ ರೀಡ್ ಮತ್ತು ಸಂಗಡಿಗರು ಪೊಟಮೈಡಿಡೆಯ ವಂಶವೃಕ್ಷವನ್ನು ಡಿಎನ್‌ಎಯಿಂದ ಕಟ್ಟಿದರು. ಈ ಹುಳುಗಳಿಗೂ ಕಾಂಡ್ಲಾ ಕಾಡಿಗೂ ಇರುವ ನಂಟು ಸುಮಾರು 4ರಿಂದ 5 ಕೋಟಿ ವರ್ಷಗಳ ಹಿಂದಿನ, ಈಗ ಇಲ್ಲದ ಟೆಥಿಸ್ ಸಾಗರದ ಕರೆಗೆ ಹೋಗುತ್ತದೆ ಎಂದು ಅದು ತೋರಿಸಿತು. 2016ರಲ್ಲಿ ರೀಡ್ ಮತ್ತು ಒಜಾವಾ ನಮ್ಮ ಅಳಿವೆಗಳಲ್ಲಿ ಸಾವಿರಗಟ್ಟಲೆ ಕಾಣುವ ಪುಟ್ಟ ಗೋಪುರದಂಥ ಹುಳುವನ್ನು ಮರುಪರಿಶೀಲಿಸಿದರು. 1791ರಲ್ಲಿ ಗ್ಮೆಲಿನ್ ಅದನ್ನು ಮ್ಯೂರೆಕ್ಸ್ ಎಂದಿದ್ದರು. ಆಮೇಲೆ ಅದು ಸೆರಿಥೀಡಿಯಾ ಆಯಿತು, ಸೆರಿಥಿಡಿಯಾಪ್ಸಿಲ್ಲಾ ಆಯಿತು, ಈಗ ಪೈರೆನೆಲ್ಲಾ ಸಿಂಗ್ಯುಲೇಟಾ. ಪೂರ್ವ ಏಷ್ಯಾದಲ್ಲಿ ಅದೇ ಹೆಸರಿನಿಂದ ಕರೆಯುತ್ತಿದ್ದ ಹುಳು ಬೇರೆಯೇ ಪ್ರಭೇದವೆಂದು ಗೊತ್ತಾಗಿ ಪೈರೆನೆಲ್ಲಾ ಏಷ್ಯಾಟಿಕಾ ಎಂಬ ಹೊಸ ಹೆಸರು ಪಡೆಯಿತು. ಅದೇ ವರ್ಷ ಬೆನ್ವಾ ಡೇರಾ ಅವರ ತಂಡ, ಮುಂಬಯಿಯ ದೀಪಕ್ ಆಪ್ಟೆ, ವಿಶಾಲ್ ಭಾವೆ ಅವರನ್ನೂ ಒಳಗೊಂಡು, ಬುಕಾನನ್ನರ ಒಂಕಿಡಿಯಮ್ ಕುಲವನ್ನು ಅಂಗರಚನೆ ಮತ್ತು ಡಿಎನ್‌ಎ ಎರಡರಿಂದಲೂ ಪರಿಷ್ಕರಿಸಿತು. 216 ವರ್ಷ ಹಳೆಯ ಹೆಸರಿಗೆ ಆಗ ಖಚಿತವಾದ ಎಲ್ಲೆ ಸಿಕ್ಕಿತು.

ಹಳೆಯ ಪಟ್ಟಿಗಳನ್ನು ನಾವು ಇನ್ನು ಮುಂದೆ ಎಚ್ಚರದಿಂದ ಓದಬೇಕು. ಕಾಟೇರಿನ ಪಳೆಯುಳಿಕೆಗಳಿಗೆ ಹೆಸರು ಬಂದದ್ದು ಚಿಪ್ಪಿನ ರೂಪದಿಂದ ಮಾತ್ರ. ಒಡಲು ಅಲ್ಲಿ ಉಳಿದಿಲ್ಲ. ಆ ಚಿಪ್ಪುಗಳು ನೀರಿನ ಬಗ್ಗೆ ಹೇಳುವುದನ್ನು ನಂಬಬಹುದು, ನೆಂಟಸ್ತಿಕೆಯ ಬಗ್ಗೆ ಹೇಳುವುದನ್ನು ಮತ್ತೆ ಪರೀಕ್ಷಿಸಬೇಕು.

ಬೀದರಿನಿಂದ ಮಂಗಳೂರಿಗೆ

ಕರ್ನಾಟಕದ ಮೀನುಗಾರಿಕೆ ಶಿಕ್ಷಣದ ಆಡಳಿತ ಕೇಂದ್ರ ಇರುವುದು ಬೀದರಿನ ನಂದಿನಗರದಲ್ಲಿ. 2004ರ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲೇ ಮಂಗಳೂರಿನ ಮೀನುಗಾರಿಕೆ ಕಾಲೇಜು ಇದೆ. 1969ರಲ್ಲಿ ಆರಂಭವಾದ ಆ ಕಾಲೇಜಿಗೆ ನೇತ್ರಾವತಿ ಅಳಿವೆ ಕೂಗಳತೆಯಲ್ಲಿದೆ. ಉತ್ತರ ಕನ್ನಡದಲ್ಲಿ ಬಳಚು ಚಿಪ್ಪು ಆಯುವವರ ಬದುಕು ನಿಂತಿರುವ ಅಘನಾಶಿನಿ ಅಳಿವೆ, 4,801 ಹೆಕ್ಟೇರ್ ವಿಸ್ತಾರದೊಂದಿಗೆ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲವಾಗಿ ರಾಮ್ಸಾರ್ ತಾಣವಾಯಿತು. ಮಾರಾಟಕ್ಕೆ ಬರುವ ಚಿಪ್ಪುಗಳಿಗೆ ಸಿಗುವ ಗಮನ, ಮಾರುಕಟ್ಟೆಯಿಲ್ಲದ ಪೈರೆನೆಲ್ಲಾಗೂ ಕಾಂಡ್ಲಾ ಎಲೆ ಮೇಯುವ ಹುಳುಗಳಿಗೂ ಸಿಗಬೇಕು. ಕಾಡು ಕುಗ್ಗಿದಾಗ ಎಲೆ ಮೇಯುವ ಹುಳುಗಳು ನೆಲೆ ಕಳೆದುಕೊಳ್ಳುತ್ತವೆ.

ಮೇಲುನೆಲದಲ್ಲೂ ಇದೇ ಶಾಸ್ತ್ರದ ಅಗತ್ಯವಿದೆ. ಕೆರೆಕುಂಟೆಗಳ ತಟ್ಟೆಯಾಕಾರದ ಇಂಡೋಪ್ಲಾನಾರ್ಬಿಸ್ ಹುಳು ದನಗಳ ಮೂಗಿನ ಗೊರಕೆ ರೋಗದ ಕ್ರಿಮಿಯನ್ನು ಹೊರುತ್ತದೆ. ಲಿಮ್ನಿಯಾಗಳು ಪಿತ್ತಜನಕಾಂಗದ ಚಪ್ಪಟೆ ಹುಳುವನ್ನು ಹರಡುತ್ತವೆ. ಒಂದೇ ಎಂದುಕೊಂಡಿದ್ದ ಇಂಡೋಪ್ಲಾನಾರ್ಬಿಸ್‌ನಲ್ಲಿ ಹಲವು ವಂಶಗಳು ಅಡಗಿವೆ ಎಂದು ಡಿಎನ್‌ಎ ತೋರಿಸಿದೆ. ದೇವಣಿ ದನಗಳ ಈ ಸೀಮೆಯಲ್ಲಿ ಯಾವ ಕುಂಟೆಯಲ್ಲಿ ಯಾವ ಹುಳುವಿದೆ ಎಂದು ತಿಳಿಯುವುದು ರೈತನ ಕೊಟ್ಟಿಗೆಗೆ ಸಂಬಂಧಿಸಿದ ಮಾತು.

ಮಾಂಜ್ರಾದ ಮಡುವಿನಲ್ಲಿ ಕೈಯಿಟ್ಟರೆ ಸಿಗುವ ಮೆಲನಾಯ್ಡಿಸ್ ಚಿಪ್ಪನ್ನು ಮ್ಯುಲ್ಲರ್ ಹೆಸರಿಸಿದ್ದು ಈ ನದಿಯ ನೀರು ಕೊನೆಗೆ ಸೇರುವ ಪೂರ್ವ ಕರೆಯ ಚಿಪ್ಪು ನೋಡಿ. ಭಾಲ್ಕಿಯ ಅಥವಾ ಔರಾದಿನ ವಿದ್ಯಾರ್ಥಿಯೊಬ್ಬ ಅದನ್ನು ಎತ್ತಿಕೊಂಡು, ಸಿಕ್ಕ ಜಾಗ, ದಿನ, ನೀರಿನ ಗುಣವನ್ನು ಚೀಟಿಯಲ್ಲಿ ಬರೆದು, ಒಡಲನ್ನು ಮದ್ಯಸಾರದಲ್ಲಿ ಉಳಿಸಿಟ್ಟರೆ, ಚಿಪ್ಪು ಹೇಳುವುದನ್ನು ತಿದ್ದಲು ಮುಂದಿನವರ ಬಳಿ ಒಡಲೂ ಇರುತ್ತದೆ.