ಕಾರ್ಬೆಟ್ ಕೈಗೆ ಒಗ್ಗಿದ ಕೋವಿ

ರುದ್ರಪ್ರಯಾಗದ ನರಭಕ್ಷಕ ಚಿರತೆಯ ಕಥೆಯನ್ನು ತೇಜಸ್ವಿಯವರ ಅನುವಾದದಲ್ಲಿ ಓದಿದ ಕನ್ನಡಿಗರಿಗೆ ಜಿಮ್ ಕಾರ್ಬೆಟ್ ಚಿರಪರಿಚಿತರು. ಅವರ ಹೆಗಲಿಗೇರಿದ ಕೋವಿಯ ಕಥೆಯೂ ಅಷ್ಟೇ ಸ್ವಾರಸ್ಯದ್ದು.

ದೊಡ್ಡ ಪ್ರಾಣಿಗೆ ದೊಡ್ಡ ಗುಂಡೇ ಬೇಕೆಂಬ ನಂಬಿಕೆ ಹಿಂದೆ ಬೇಟೆಗಾರರಲ್ಲಿ ಬಲವಾಗಿತ್ತು. ಭಾರಿ ಜೋಡುನಳಿಗೆ ಕೋವಿಗಳು ಸುಮಾರು 5 ಕಿಲೋ ತೂಗುತ್ತಿದ್ದವು. ಹೊರಲು ಜೊತೆಗೊಬ್ಬ ಆಳು ಬೇಕಾಗುತ್ತಿತ್ತು. ಹೊಗೆಯಿಲ್ಲದ ಮದ್ದು ಬಂದ ಮೇಲೆ ಲೆಕ್ಕಾಚಾರ ಬದಲಾಯಿತು. 1890ರ ದಶಕದಲ್ಲಿ ಜರ್ಮನಿಯ ಮೌಸರ್ ಕಂಪನಿ ಸೈನಿಕರಿಗಾಗಿ ರೂಪಿಸಿದ 7 ಮಿ.ಮೀ. ತೋಟಾದ ಗುಂಡು ಸಪೂರ, ಉದ್ದ. ವೇಗವಾಗಿ ಹಾರಿ, ದೂರದವರೆಗೂ ಹೆಚ್ಚು ಕೆಳಗಿಳಿಯದೆ ಸಾಗುತ್ತಿತ್ತು. ಭುಜಕ್ಕೆ ಬೀಳುವ ಒದೆತವೂ ಕಡಿಮೆ. ಲಂಡನ್ನಿನ ರಿಗ್ಬಿ ಕಂಪನಿ ಅದಕ್ಕೆ .275 ಎಂದು ಹೆಸರಿಟ್ಟು ಹಗುರವಾದ ಬೇಟೆಕೋವಿ ತಯಾರಿಸಿತು.

1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದದ್ದಕ್ಕಾಗಿ ಕಾರ್ಬೆಟ್‌ಗೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರರಿಂದ ಉಡುಗೊರೆಯಾಗಿ ಸಿಕ್ಕಿದ್ದು ಇಂಥದೇ ಕೋವಿ. ಕುಮಾವೂನಿನ ಕಡಿದಾದ ಏರುಗಳಲ್ಲಿ ದಿನಗಟ್ಟಲೆ ಒಂಟಿಯಾಗಿ ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ಸಂಗಾತಿ ಇರಲಾರದು.

ಇಂಥ ಕೋವಿಯನ್ನೇ ನೆಚ್ಚಿದ ಇನ್ನೊಬ್ಬ ಬೇಟೆಗಾರ ಡಬ್ಲ್ಯು.ಡಿ.ಎಂ. ಬೆಲ್ ಆಫ್ರಿಕಾದಲ್ಲಿ ಆನೆಯ ತಲೆಬುರುಡೆಯನ್ನು ಸೀಳಿ ನೋಡಿ, ಮಿದುಳಿರುವ ಜಾಗವನ್ನು ಎಲ್ಲ ದಿಕ್ಕುಗಳಿಂದಲೂ ಮನದಟ್ಟು ಮಾಡಿಕೊಂಡ. ಇದೇ ಸಣ್ಣ ತೋಟಾದಿಂದ ನೂರಾರು ಆನೆಗಳನ್ನು ಉರುಳಿಸಿದ. ಕೋವಿಯ ನಿಖರತೆಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ದಂತಕ್ಕಾಗಿ ಸತ್ತ ಆನೆಗಳ ಆ ಲೆಕ್ಕ ಮಾತ್ರ ಎದೆ ನಡುಗಿಸುತ್ತದೆ.