ಒಂದು ಗಂಟೆಯ ಟೇಪಿಗೆ ಒಂದು ಗಂಟೆ

ಸಂಶೋಧನೆಗೆಂದು ಹುಡುಕುವಾಗ ತಾಳಮದ್ದಳೆಯ ಹನ್ನೊಂದು ಮಿನಿ ಡಿವಿ ಟೇಪುಗಳು ಸಿಕ್ಕವು. ಅವುಗಳಲ್ಲಿ ಅರ್ಥ ಹೇಳಿದ ಹಿರಿಯರಿಬ್ಬರು ಈಗಿಲ್ಲ. ಹಳೆಯ ಕ್ಯಾಮೆರಾದಲ್ಲಿ ಟೇಪು ಓಡುತ್ತದೆ. ಆದರೆ ನನ್ನ ಲ್ಯಾಪ್‌ಟಾಪಿನಲ್ಲಿ ಅದರ ಕೇಬಲ್ಲಿಗೆ ಜಾಗವೇ ಇಲ್ಲ.

ಆ ಕೇಬಲ್ಲು ಫೈರ್‌ವೈರ್. 1995ರಲ್ಲಿ ಅದು ಐಇಇಇ 1394 ಎಂಬ ಮಾನಕವಾಯಿತು. ಅದೇ ವರ್ಷ ಸೋನಿಯ ವಿಎಕ್ಸ್ 1000 ಕ್ಯಾಮೆರಾದಲ್ಲೂ ಬಂತು. ಅನಲಾಗ್ ಟೇಪಿನಲ್ಲಿ ಪ್ರತಿ ನಕಲಿಗೂ ಚಿತ್ರ ಮಸುಕಾಗುತ್ತಿತ್ತು. ಡಿವಿಯಲ್ಲಿ ಚಿತ್ರ ಟೇಪಿನ ಮೇಲೇ ಅಂಕಿಗಳಾಗಿ ಕೂತಿರುತ್ತಿತ್ತು, ಕೇಬಲ್ಲು ಅದನ್ನು ಇದ್ದ ಹಾಗೇ ಸಾಗಿಸುತ್ತಿತ್ತು. 1999ರಲ್ಲಿ ಆಪಲ್ ಕಂಪನಿ ಐಮ್ಯಾಕ್ ಡಿವಿಯ ಜೊತೆ ಐಮೂವಿ ಕೊಟ್ಟಾಗ ಸಂಕಲನ ಮನೆಯ ಮೇಜಿಗೇ ಬಂತು.

ಯುರೋಪಿನ ಕಥೆ ವಿಚಿತ್ರ. ಹೊರಗಿನ ಚಿತ್ರವನ್ನೂ ಮುದ್ರಿಸಿಕೊಳ್ಳಬಲ್ಲ ಕ್ಯಾಮೆರಾವನ್ನು ಅಲ್ಲಿನ ಸುಂಕದವರು ವಿಡಿಯೊ ರೆಕಾರ್ಡರ್ ಎಂದು ಎಣಿಸಿ ಹೆಚ್ಚು ಸುಂಕ ಹಾಕುತ್ತಿದ್ದರು. ಹಾಗಾಗಿ ತಯಾರಕರು ಅನೇಕ ಕ್ಯಾಮೆರಾಗಳಲ್ಲಿ ಆ ದಾರಿಯನ್ನೇ ಮುಚ್ಚಿಬಿಟ್ಟರು. ಸಂಕಲನ ಮಾಡಿದ್ದು ಟೇಪಿಗೆ ಮರಳುವಂತಿರಲಿಲ್ಲ!

ಕೊನೆಗೆ ಫೈರ್‌ವೈರ್ ಕಾರ್ಡಿದ್ದ ಹಳೆಯ ಕಂಪ್ಯೂಟರೊಂದನ್ನು ಎರವಲು ತಂದೆ. ಇಲ್ಲಿ ಅವಸರ ನಡೆಯುವುದಿಲ್ಲ: ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಸುಮಾರು 13 ಜಿಬಿ ಜಾಗವೂ ಬೇಕು. ಮೂರನೆಯ ಟೇಪಿನಲ್ಲಿ ಕರ್ಣನ ಮಾತಿನ ನಡುವೆ ಚಿತ್ರ ಚೌಕಚೌಕವಾಗಿ ಒಡೆದು, ದನಿ ತುಂಡಾಯಿತು. ಹೆಡ್ ಒರೆಸಿ, ಹಿಂದಕ್ಕೆ ಸುತ್ತಿ, ಮತ್ತೆ ಓಡಿಸುತ್ತಿದ್ದೇನೆ.