ಕುಕನೂರಿನ ಮಹಲು ಕಡಲ ಸೀಮೆಯಲ್ಲಿ: ಮಣಿಪಾಲ, ಮಂಗಳೂರಿನ ಹಳೆಮನೆ ಮ್ಯೂಸಿಯಂ ನೋಡಲು ಹೋಗುವವರಿಗೆ ಮಾಹಿತಿ

ಬಳ್ಳಾರಿ: ದಸರಾ ರಜೆ, ಡಿಸೆಂಬರ್ ರಜೆ ಬಂತಂದ್ರೆ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯಿಂದ ಉಡುಪಿ, ಧರ್ಮಸ್ಥಳ, ಮಲ್ಪೆ ಅಂತ ಹೊರಡೋ ಕುಟುಂಬಗಳು ಬಹಳ. ಕೃಷ್ಣ ಮಠದಲ್ಲಿ ದರ್ಶನ, ಮಲ್ಪೆಯಲ್ಲಿ ಮಕ್ಕಳಿಗೆ ಸಮುದ್ರ, ವಾಪಸ್ ಬರುವಾಗ ಮಂಗಳೂರಲ್ಲಿ ಒಂದಿಷ್ಟು ಖರೀದಿ. ಅಲ್ಲಿಗೆ ಪ್ರವಾಸ ಮುಗಿಯುತ್ತೆ. ಆದರೆ ಅದೇ ದಾರಿಯಲ್ಲಿ, ಮಲ್ಪೆ ಕಡಲಿಗೆ ಹತ್ತು ಕಿ.ಮೀ. ಆಸುಪಾಸಿನ ಮಣಿಪಾಲದಲ್ಲಿ, ನಮ್ಮ ಕಡೆಯದೇ ಒಂದು ಮಹಲು ನಿಂತಿದೆ ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ. ಕೊಪ್ಪಳ ಜಿಲ್ಲೆಯ ಕುಕನೂರಿನಿಂದ ಬಿಚ್ಚಿಕೊಂಡು ಹೋಗಿ ಮತ್ತೆ ಕಟ್ಟಿದ ಕಮಲ್ ಮಹಲ್ ಅದು.

ಅದಿರುವ ಜಾಗದ ಹೆಸರು ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ಸುಮಾರು ಆರು ಎಕರೆ. ಕರ್ನಾಟಕದ ಬೇರೆ ಬೇರೆ ಊರುಗಳಲ್ಲಿ ಕೆಡವಲು ಹೊರಟಿದ್ದ, ಇಲ್ಲವೇ ಬೀಳುವ ಸ್ಥಿತಿಗೆ ಬಂದಿದ್ದ ಹಳೆ ಮನೆಗಳನ್ನು ತಂದು ಇಲ್ಲಿ ನಿಲ್ಲಿಸಿದ್ದಾರೆ. ಮುಧೋಳ ಅರಮನೆಯ ದರ್ಬಾರ್ ಹಾಲ್, ಬೀದರ್ ಕಡೆಯ ನವಾಬರ ಮಹಲು, ಭಟ್ಕಳದ ನವಾಯತ ಮುಸ್ಲಿಮರ ಮನೆ, ಕರಾವಳಿಯ ಚೌಕಿ ಮನೆ, ಜಂಗಮ ಮಠ ಎಲ್ಲಾ ಒಂದೇ ಆವರಣದಲ್ಲಿ. ಜೊತೆಗೆ ರಾಜಾ ರವಿವರ್ಮನ ಮುದ್ರಿತ ಚಿತ್ರಗಳು, ತಂಜಾವೂರು ಚಿತ್ರಗಳು, ಗಾಜಿನ ಮೇಲೆ ಬರೆದ ಚಿತ್ರಗಳಿಗೆ ಸಂಗ್ರಹಾಲಯಗಳಿವೆ.

ಮಾಡಿದವರು ಬ್ಯಾಂಕ್ ನೌಕರ

ಇದನ್ನೆಲ್ಲ ಕೂಡಿಸಿದವರು ವಿಜಯನಾಥ ಶೆಣೈ. 1934ರಲ್ಲಿ ಹುಟ್ಟಿದ ಇವರು ರಾಜನೂ ಅಲ್ಲ, ಗಣಿ ಧಣಿಯೂ ಅಲ್ಲ. ಸಿಂಡಿಕೇಟ್ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದರು, ಸಂಗೀತದ ಹುಚ್ಚು ಇತ್ತು. ಊರೂರಲ್ಲಿ ಹಳೆ ಮನೆ ಕೆಡವಿದಾಗ ಕಂಬ, ಬಾಗಿಲು, ಕೆತ್ತನೆ ತೊಲೆ ಎಲ್ಲ ಸೌದೆ ರೇಟಿಗೆ ಹೋಗೋದನ್ನು ನೋಡಿ ಕೊಳ್ಳಲು ಶುರು ಮಾಡಿದರು. ಹಾಗೆ ಕೂಡಿದ ಸಾಮಾನಿನಿಂದ ಮಣಿಪಾಲದಲ್ಲಿ ತಮ್ಮದೇ ಮನೆ ಕಟ್ಟಿಕೊಂಡರು. ಅದರ ಹೆಸರೇ ಹಸ್ತಶಿಲ್ಪ. ಮನೆ ನೋಡಲು ಜನ ಬರತೊಡಗಿದರು. ಬಿಡಿ ಕಂಬ, ಬಿಡಿ ಬಾಗಿಲು ಉಳಿಸಿದರೆ ಸಾಲದು, ಇಡೀ ಮನೆಯನ್ನೇ ಉಳಿಸಬೇಕು ಅನ್ನೋ ಕೆಲಸ ಆಮೇಲಿನದು. 2017ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಈಗ ಟ್ರಸ್ಟ್ ನೋಡಿಕೊಳ್ಳುತ್ತಿದೆ.

ಮನೆ ಎತ್ತಿಕೊಂಡು ಹೋಗೋದು ಅಂದ್ರೆ ಲಾರಿಗೆ ತುಂಬಿ ತರೋ ಮಾತಲ್ಲ. ಮೊದಲು ಇಡೀ ಮನೆಯ ಅಳತೆ ತೆಗೆದು ನಕ್ಷೆ ಬರೀಬೇಕು. ಪ್ರತಿ ಕಂಬ, ತೊಲೆ, ಜಂತಿ, ಹಲಗೆ, ಬೋದಿಗೆಗೆ ನಂಬರ್ ಹಾಕಬೇಕು, ಫೋಟೋ ತೆಗೀಬೇಕು. ಹಳೆ ಬಡಗಿಗಳು ಮೊಳೆ ಬಳಸದೆ ಗೂಟ, ಗಾಡಿ ಕೊಟ್ಟು ಕೂಡಿಸಿರುತ್ತಾರೆ. ಹಾಗಾಗಿ ಮೇಲಿನಿಂದ ಕೆಳಗೆ, ಕಟ್ಟಿದ್ದಕ್ಕೆ ಉಲ್ಟಾ ಕ್ರಮದಲ್ಲೇ ಬಿಚ್ಚಬೇಕು. ಒಂದು ತುಂಡು ಅವಸರದಲ್ಲಿ ಎಳೆದರೆ ಅದರ ಗೂಟದ ಬಾಯಿ ಸೀಳುತ್ತೆ, ಆಮೇಲೆ ಅದು ಕೂಡೋದಿಲ್ಲ. ಹೊಸ ಜಾಗದಲ್ಲಿ ಅಡಿಪಾಯ ಹಾಕಿ, ಹುಳ ತಿಂದ ಭಾಗಕ್ಕೆ ಅದೇ ಜಾತಿ ಮರದ ತೇಪೆ ಕೊಟ್ಟು, ನಂಬರ್ ಪ್ರಕಾರ ಮತ್ತೆ ನಿಲ್ಲಿಸಬೇಕು. ಒಂದೊಂದು ಮನೆಗೆ ವರ್ಷಗಟ್ಟಲೆ ಹಿಡಿಯೋ ಕೆಲಸ.

ಹಂಪಿಯಲ್ಲಿ ಕಾಣದ್ದು ಇಲ್ಲಿ ಕಾಣುತ್ತೆ

ಬಳ್ಳಾರಿಯವರಿಗೆ ಕಮಲ್ ಮಹಲ್ ಯಾಕೆ ಮುಖ್ಯ ಅಂದ್ರೆ ಹಂಪಿಯ ಕಾರಣಕ್ಕೆ. ಶಾಲೆ ಮಕ್ಕಳಿಂದ ಹಿಡಿದು ಎಲ್ಲರೂ ಹಂಪಿ ನೋಡಿದವರೇ. ಆದರೆ ಮಹಾನವಮಿ ದಿಬ್ಬದ ಸುತ್ತ, ಕಮಲ ಮಹಲಿನ ಹತ್ತಿರ ಅರಮನೆಗಳ ಜಾಗ ಅಂತ ತೋರಿಸುವಲ್ಲಿ ಇರೋದು ಕಲ್ಲಿನ ಕಟ್ಟೆ ಮಾತ್ರ. ಅದರ ಮೇಲೆ ಅರಮನೆ ಎಲ್ಲಿ ಅಂತ ಮಕ್ಕಳು ಕೇಳಿದರೆ ದೊಡ್ಡವರ ಹತ್ತಿರ ಉತ್ತರ ಇರೋದಿಲ್ಲ. ಉತ್ತರ ಇಷ್ಟೆ: ಮೇಲಿನದೆಲ್ಲ ಮರ. 1565ರ ಯುದ್ಧದ ನಂತರ ಊರು ಸುಟ್ಟಾಗ ಮರ ಹೋಯಿತು, ಕಲ್ಲಿನ ಕಟ್ಟೆ ಉಳೀತು. ದೇವಸ್ಥಾನಗಳು ಹೆಚ್ಚಾಗಿ ಕಲ್ಲಿನವು, ಹಾಗಾಗಿ ನಿಂತಿವೆ.

ಕುಕನೂರಿನ ಮಹಲನ್ನು ವಿಜಯನಗರದ ಕಾಲದ್ದು, 1341ರದ್ದು ಅಂತ ಅಲ್ಲಿ ಪರಿಚಯಿಸುತ್ತಾರೆ. ಒಳಗೆ ಕಾಲಿಟ್ಟರೆ ಸಾಲು ಮರದ ಕಂಬ, ಬೋದಿಗೆ, ಮೇಲೆ ಮರದ ಚಾವಣಿ. ಹಂಪಿಯ ಖಾಲಿ ಕಟ್ಟೆಗಳ ಮೇಲೆ ಏನಿದ್ದಿರಬಹುದು ಅಂತ ಊಹಿಸಲು ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆ ಜಾಗ ಸಿಗೋದು ಕಷ್ಟ. ಸಾಧ್ಯವಾದರೆ ಮೊದಲು ಹಂಪಿ ಕಟ್ಟೆಗಳನ್ನು ಇನ್ನೊಮ್ಮೆ ನೋಡಿ, ಆಮೇಲೆ ಮಣಿಪಾಲಕ್ಕೆ ಹೋದರೆ ಎರಡೂ ಅರ್ಥ ಆಗುತ್ತವೆ.

ಕುಕನೂರಲ್ಲೇ ನವಲಿಂಗ ದೇವಸ್ಥಾನ ಇದೆ, ರಾಷ್ಟ್ರಕೂಟರ ಕಾಲದ್ದು, ಮಹಲಿಗಿಂತ ನಾಲ್ಕೈದು ನೂರು ವರ್ಷ ಹಳೇದು. ಅದು ಇದ್ದಲ್ಲೇ ಇದೆ, ಕಲ್ಲು. ಕುರುಗೋಡಿನ ದೊಡ್ಡ ಬಸವೇಶ್ವರನೂ ಹಾಗೇ, ಯಾರೂ ಹೊತ್ತೊಯ್ಯಲಾರರು. ಮರದ ಮಹಲಿಗೆ ಆ ಭಾಗ್ಯ ಇಲ್ಲ. ಅದನ್ನು ಊರಿಂದ ಒಯ್ದದ್ದು ಸರಿಯಾ ಅನ್ನೋ ಪ್ರಶ್ನೆ ಇದ್ದೇ ಇದೆ. ತನ್ನ ಓಣಿ, ತನ್ನ ಬಾವಿ, ತನ್ನ ಜನ ಬಿಟ್ಟು ನಿಂತ ಮನೆಗೆ ಏನೋ ಒಂದು ಕಮ್ಮಿಯೇ. ಬಯಲುಸೀಮೆಯ ಬಿಸಿಲಿಗೆ ಕಟ್ಟಿದ್ದು ಈಗ ಕರಾವಳಿ ಮಳೆಯಲ್ಲಿ ನಿಂತಿದೆ. ಆದರೂ ಸೌದೆ ಆಗೋದಕ್ಕಿಂತ ಇದು ಎಷ್ಟೋ ವಾಸಿ.

ಮಳೆ ಮತ್ತು ಮಾಳಿಗೆ

ನಮ್ಮ ಕಡೆ ಹಳೆ ಮನೆ ಅಂದ್ರೆ ಮಣ್ಣಿನ ಮೇಲ್ಮುದ್ದೆ, ಚಪ್ಪಟೆ ಮಾಳಿಗೆ, ದಪ್ಪ ಗೋಡೆ, ನಡುವೆ ಪಡಸಾಲೆ, ಮೇಲೊಂದು ಬೆಳಕಿಂಡಿ. ಬೇಸಿಗೆಯಲ್ಲಿ ರಾತ್ರಿ ಮಾಳಿಗೆ ಮೇಲೆ ಮಲಗೋದು. ಅಲ್ಲಿ ನೋಡಿದ್ರೆ ಇಳಿಜಾರು ಚಾವಣಿ, ಮುಂಚಾಚಿದ ಸೂರು, ನಡುವೆ ಅಂಗಳ. ಬಳ್ಳಾರಿಯಲ್ಲಿ ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ, ಮಂಗಳೂರಲ್ಲಿ 3500 ಮಿ.ಮೀ. ದಾಟುತ್ತೆ. ವ್ಯತ್ಯಾಸ ಅದರಲ್ಲೇ ಇದೆ. ನಮ್ಮಲ್ಲೂ ಎಷ್ಟೋ ಮನೆ, ಗೋದಾಮಿನ ಮೇಲೆ ಕಾಣೋ ಮಂಗಳೂರು ಹೆಂಚು ಹುಟ್ಟಿದ್ದು ಆ ಊರಲ್ಲೇ. ಬಾಸೆಲ್ ಮಿಷನ್‌ನವರು 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು.

ಅಂಗಡಿಯವರು ನೋಡಬೇಕಾದ್ದು

ಹೆರಿಟೇಜ್ ವಿಲೇಜ್‌ನಲ್ಲಿ ಹಳೆಕಾಲದ ಬಜಾರ್ ಬೀದಿಯನ್ನೂ ಮಾಡಿಟ್ಟಿದ್ದಾರೆ. ಕೌಲ್‌ಬಜಾರ್, ಬೆಂಗಳೂರು ರಸ್ತೆ, ಸಿರುಗುಪ್ಪ ಪೇಟೆಯಲ್ಲಿ ಎರಡು ಮೂರು ತಲೆಮಾರಿನಿಂದ ಅಂಗಡಿ ನಡೆಸೋರಿಗೆ ಅಲ್ಲಿ ನಿಂತರೆ ತಾತನ ಗಲ್ಲಾ ಪೆಟ್ಟಿಗೆ ನೆನಪಾಗದೆ ಇರದು. ನಮ್ಮಲ್ಲಿ ಗುಜರಿಗೆ ಹಾಕೋ ತರಹದ ಸಾಮಾನಿಗೆ ಅಲ್ಲಿ ಟಿಕೆಟ್ ಕೊಟ್ಟು ಜನ ನೋಡ್ತಾರೆ.

ರವಿವರ್ಮನ ಚಿತ್ರಗಳ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಪ್ರತಿ ಅಂಗಡಿ ಗಲ್ಲಾ ಮೇಲೆ ಇರೋ ಲಕ್ಷ್ಮಿ ಫೋಟೋದ ಅಜ್ಜಿ ಅಲ್ಲಿದ್ದಾಳೆ. ರವಿವರ್ಮ 1848ರಿಂದ 1906ರವರೆಗೆ ಬದುಕಿದ್ದ ಕೇರಳದ ಕಲಾವಿದ. ಎಣ್ಣೆ ಬಣ್ಣದ ಚಿತ್ರ ರಾಜರ ಮನೆಗೆ ಮಾತ್ರ ಸಾಕಾಗುತ್ತಿತ್ತು. 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿ ಕಲ್ಲಚ್ಚಿನಲ್ಲಿ ಮುದ್ರಿಸಿದ ಮೇಲೆ ಲಕ್ಷ್ಮಿ, ಸರಸ್ವತಿ ಬಡವರ ಗೋಡೆಗೂ ಬಂದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಒಂದರ ಮೇಲೊಂದು ಮುದ್ರಿಸಬೇಕು. ಒಂದು ಕೂದಲೆಳೆ ಜರುಗಿದರೂ ಮುಖ ಕೆಟ್ಟಂಗೆ. ಮುಂದೆ ಬಂದ ಕ್ಯಾಲೆಂಡರ್ ದೇವರ ಚಿತ್ರಗಳಿಗೆ ಇವೇ ಮಾದರಿ ಆದವು. ನಿಮ್ಮ ಮನೆ ಅಟ್ಟದ ಮೇಲೆ ಹಳೆ ಚೌಕಟ್ಟಿನ ದೇವರ ಫೋಟೋ ಇದ್ದರೆ ಬಿಸಾಡೋ ಮುಂಚೆ ಕೆಳಗಡೆ ಅಂಚಿನಲ್ಲಿ ಪ್ರೆಸ್ಸಿನ ಹೆಸರು ಇದೆಯಾ ನೋಡಿ.

ಗಾಜಿನ ಚಿತ್ರದ್ದು ಇನ್ನೊಂದು ಮಜಾ. ಗಾಜಿನ ಹಿಂದುಗಡೆಯಿಂದ ಬರೆಯೋದು. ಹಾಗಾಗಿ ಕಣ್ಣಿನ ಗೆರೆ, ಒಡವೆ ಮೊದಲು, ಮೈ ಬಣ್ಣ ಆಮೇಲೆ, ಹಿನ್ನೆಲೆ ಕೊನೆಗೆ. ಎಲ್ಲಾ ಉಲ್ಟಾ.

ಮಂಗಳೂರಿನ ಹಡಗಿನ ಮನೆ

ಮಂಗಳೂರಿಗೆ ನಮ್ಮ ಲಾರಿಯವರು ಹೊಸಬರಲ್ಲ, ಅದಿರು ಹೊತ್ತು ನವಮಂಗಳೂರು ಬಂದರಿಗೆ ಹೋಗಿ ಬಂದವರು ಊರೂರಲ್ಲಿ ಇದ್ದಾರೆ. ಬಳ್ಳಾರಿಗೂ ಮಂಗಳೂರಿಗೂ ಹಳೆ ನಂಟೂ ಇದೆ. 1953ರ ಅಕ್ಟೋಬರ್‌ವರೆಗೆ ಎರಡೂ ಒಂದೇ ಮದ್ರಾಸ್ ರಾಜ್ಯದಲ್ಲಿದ್ದವು.

ಅಲ್ಲಿನ ಬಿಜೈಯಲ್ಲಿ, ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದಿಂದ ನಡೆದೇ ಹೋಗುವಷ್ಟು ದೂರದಲ್ಲಿ ಶ್ರೀಮಂತಿಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. 1935ರ ಸುಮಾರಿನ ಮನೆ, ಹೊರಗಿಂದ ನೋಡಿದರೆ ಹಡಗಿನ ಆಕಾರ. ಸೈನ್ಯದಲ್ಲಿ ಶಸ್ತ್ರಚಿಕಿತ್ಸಕರಾಗಿದ್ದ ಕರ್ನಲ್ ವಿ.ಆರ್. ಮಿರಾಜ್ಕರ್ ಅವರ ಮನೆ ಇದು. ತಾಯಿ ಶ್ರೀಮಂತಿಬಾಯಿ ನೆನಪಿಗೆ ಅವರು ಅದನ್ನು ಸಂಗ್ರಹದ ಸಮೇತ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. 1960ರಲ್ಲಿ ಮ್ಯೂಸಿಯಂ ಆಯಿತು. ಕಲ್ಲಿನ ಶಿಲ್ಪ, ಚಿತ್ರ, ನಾಣ್ಯ, ಆಯುಧ ಇಂಥವೆಲ್ಲ ಇವೆ. ಮಣಿಪಾಲದಷ್ಟು ಥಳುಕು ಇಲ್ಲಿ ನಿರೀಕ್ಷೆ ಮಾಡಬೇಡಿ. ಒಬ್ಬ ವೈದ್ಯ ಕಡಲೂರಿನಲ್ಲಿ ಹಡಗಿನಂಥ ಮನೆ ಕಟ್ಟಿಸಿ, ಅದನ್ನು ಅಮ್ಮನ ಹೆಸರಲ್ಲಿ ಊರಿಗೆ ಕೊಟ್ಟರಲ್ಲ, ಆ ಮನೆಯನ್ನೇ ನೋಡಲು ಹೋಗಬೇಕು.

ಚಿತ್ರಕಲೆ ನೋಡಲೇಬೇಕು ಅನ್ನೋರು ಅಲ್ಲಿಂದ ಸೇಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಹೋಗಲಿ. ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಲ್ಲಿ ಬಂದು ಎರಡು ವರ್ಷ ಕೂತು ಗೋಡೆ, ಚಾವಣಿ ತುಂಬಾ ಬರೆದದ್ದು ಹಾಗೇ ಇದೆ. ಅಷ್ಟು ಮಳೆ, ಉಪ್ಪುಗಾಳಿಯ ಊರಲ್ಲಿ ಗೋಡೆ ಚಿತ್ರ ನೂರು ವರ್ಷ ದಾಟೋದು ಸಣ್ಣ ಮಾತಲ್ಲ. ತೇವಕ್ಕೆ ಬೂಸ್ಟು, ಮರಕ್ಕೆ ಗೆದ್ದಲು, ಬೆಳಕಿಗೆ ಬಣ್ಣ ಮಾಸೋದು, ಕಡಲೂರಿನ ಎಲ್ಲಾ ಮ್ಯೂಸಿಯಂಗಳ ಕಾಟ ಇವು. ಚಿತ್ರ ಮುಟ್ಟಬೇಡಿ, ಫ್ಲ್ಯಾಶ್ ಹಾಕಬೇಡಿ ಅಂತ ಹೇಳೋದು ಸುಮ್ನೆ ಅಲ್ಲ.

ಕಡಲ ದಂಡೆಯ ಹಳೆಮನೆ ಮ್ಯೂಸಿಯಂ ಆಗೋದು ಹೊರದೇಶಗಳಲ್ಲೂ ಇದೆ. ಡೆನ್ಮಾರ್ಕಿನಲ್ಲಿ ಕೋಪನ್‌ಹೇಗನ್‌ನಿಂದ ಉತ್ತರಕ್ಕೆ, ಸಮುದ್ರಕ್ಕೆ ಮುಖ ಮಾಡಿದ ಲೂಯಿಸಿಯಾನಾ ಅನ್ನೋ ಹಳೆ ಬಂಗಲೆ 1958ರಲ್ಲಿ ಆಧುನಿಕ ಕಲೆಯ ಮ್ಯೂಸಿಯಂ ಆಯಿತು. ಮಾಡಿದವರು ಕ್ನೂಡ್ ಯೆನ್ಸನ್, ಚೀಸ್ ಸಗಟು ವ್ಯಾಪಾರಿ. ಅಪ್ಪನಿಂದ ಬಂದ ವ್ಯಾಪಾರ ಮಾರಿ ಮ್ಯೂಸಿಯಂ ಕಟ್ಟಿದರು. ಹಳೆ ಮನೆ ಕೆಡವಲಿಲ್ಲ, ಅದನ್ನೇ ಬಾಗಿಲು ಮಾಡಿಕೊಂಡು ಹಿಂದೆ ಗಾಜಿನ ಗ್ಯಾಲರಿ ಬೆಳೆಸಿದರು. ಬಂಗಲೆ ಕಟ್ಟಿಸಿದವನಿಗೆ ಒಬ್ಬರಾದ ಮೇಲೊಬ್ಬರಂತೆ ಮೂವರು ಹೆಂಡತಿಯರು, ಮೂವರ ಹೆಸರೂ ಲೂಯಿಸ್. ಅದಕ್ಕೇ ಆ ಹೆಸರು.

ಹೋಗೋದು ಹೇಗೆ

ಬಳ್ಳಾರಿಯಿಂದ ಚಿತ್ರದುರ್ಗ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮೇಲೆ ಹೋದರೆ ಉಡುಪಿಗಿಂತ ಮೊದಲೇ ಮಣಿಪಾಲ ಸಿಗುತ್ತೆ. ದೂರ 400 ಕಿ.ಮೀ. ಆಸುಪಾಸು. ಆಗುಂಬೆ ಘಾಟಿಯಲ್ಲಿ 14 ತಿರುವು, ದೊಡ್ಡ ಬಸ್ಸಿಗೆ ಆಗೋದಿಲ್ಲ. ಟಿಟಿ, ಕಾರು ಸರಿ. ಸಿರುಗುಪ್ಪದವರು ಬಳ್ಳಾರಿಗೆ ಬರೋದಕ್ಕೇ ಒಂದೂವರೆ ತಾಸು ಲೆಕ್ಕ ಹಾಕಿ ಹೊರಡಬೇಕು. ರಾತ್ರಿ ಬಸ್ಸಿನ ವೇಳೆಯನ್ನು ನಿಲ್ದಾಣದಲ್ಲೇ ಕೇಳಿಕೊಳ್ಳೋದು ಒಳ್ಳೇದು, ಸೀಜನ್‌ಗೆ ತಕ್ಕಂತೆ ಬದಲಾಗ್ತಿರುತ್ತೆ. ಮಣಿಪಾಲದಿಂದ ಮಂಗಳೂರಿಗೆ 60 ಕಿ.ಮೀ. ಸ್ವಲ್ಪ ಮೇಲೆ, ಖಾಸಗಿ ಬಸ್ಸಿಗೆ ಕಾಯೋ ಹಾಗೇ ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್ ಬೇಡ. ಮಳೆ ಬಿಡೋದಿಲ್ಲ, ಘಾಟಿಯಲ್ಲಿ ಮಣ್ಣು ಕುಸಿಯುತ್ತೆ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯೂ ಇರಲ್ಲ. ಸರ್ಕಾರಿ ಮ್ಯೂಸಿಯಂಗೆ ಸೋಮವಾರ ರಜೆ, ಅಂಗಡಿಗೆ ವಾರದ ರಜೆ ಸೋಮವಾರ ಇರೋರು ಇದನ್ನು ನೆನಪಿಡಬೇಕು. ಹೆರಿಟೇಜ್ ವಿಲೇಜ್‌ನಲ್ಲಿ ಗೈಡ್ ಜೊತೆ ಗುಂಪಾಗಿ ಕರೆದೊಯ್ಯುತ್ತಾರೆ, ಟಿಕೆಟ್ ಮತ್ತು ವೇಳೆಯನ್ನು ಹೊರಡೋ ಮುಂಚೆ ವಿಚಾರಿಸಿ. ಎರಡು ತಾಸಾದರೂ ಬೇಕು, ವಯಸ್ಸಾದವರಿಗೆ ನಡಿಗೆ ಜಾಸ್ತಿ. ಫೋಟೋ ತೆಗೆಯೋ ಮೊದಲು ಕೇಳಿ. ಊಟದ ವಿಷಯ ಒಂದು: ಸಿರುಗುಪ್ಪದ ಸೋನಾ ಮಸೂರಿ ತಿಂದು ರೂಢಿ ಆದವರಿಗೆ ಅಲ್ಲಿನ ಕುಚಲಕ್ಕಿ ಅನ್ನ ಮೊದಲ ದಿನ ದಪ್ಪ ಅನಿಸುತ್ತೆ. ಬಿಳಿ ಅನ್ನ ಕೇಳಿದರೆ ಕೊಡ್ತಾರೆ.

ನಿಮ್ಮ ಮನೆಯಲ್ಲೇ ಕಂಬ ಇದ್ದರೆ

ಬಳ್ಳಾರಿಯಲ್ಲಿ ಸಂಗನಕಲ್ಲಿನ ಶಿಲಾಯುಗದ ವಸ್ತುಗಳಿಗೆ ರಾಬರ್ಟ್ ಬ್ರೂಸ್ ಫೂಟ್ ಹೆಸರಲ್ಲಿ ಮ್ಯೂಸಿಯಂ ಇದೆ. ಅಜ್ಜನ ಕಾಲದ ಮನೆ ಹೇಗಿತ್ತು ಅಂತ ತೋರಿಸಲು ಮಾತ್ರ ಜಾಗ ಇಲ್ಲ. ಪಾಲು ಆದ ಮೇಲೆ ಮನೆ ಕೆಡವೋದು ಅನಿವಾರ್ಯ ಆಗಿರಬಹುದು, ಯಾರನ್ನೂ ದೂರಿ ಫಲ ಇಲ್ಲ. ಆದರೆ ಕೆಡವೋ ಮುಂಚೆ ಒಂದು ದಿನ ತೆಗೆದಿಟ್ಟು, ಹಗಲು ಬೆಳಕಲ್ಲಿ ಎಲ್ಲಾ ಕೋಣೆಯ ಫೋಟೋ ತೆಗೀರಿ, ಟೇಪ್ ಹಿಡಿದು ಪಡಸಾಲೆ ಅಳತೆ ಬರೆದಿಡಿ, ಮನೆ ಕಟ್ಟಿಸಿದವರ ಹೆಸರು, ಇಸವಿ ಹಿರಿಯರನ್ನು ಕೇಳಿ ಗುರುತು ಹಾಕಿ. ಕಂಬ, ಬಾಗಿಲ ಚೌಕಟ್ಟು ಮಾರೋದೇ ಆದರೆ ತೂಕದ ಲೆಕ್ಕದಲ್ಲಿ ಕೊಡಬೇಡಿ. ಬೋದಿಗೆ ಸಮೇತ ಜೋಡಿಯಾಗಿ ಇದ್ದರೆ ಬೆಲೆ ಬೇರೆ. ಇಳಿಸುವಾಗ ಜೆಸಿಬಿ ಬೇಡ, ಬಡಗಿಯನ್ನು ಕರೆಸಿ, ಪ್ರತಿ ತುಂಡಿಗೆ ಸುಣ್ಣದಲ್ಲಿ ನಂಬರ್ ಬರೆಸಿ. ಎರಡು ಅಡಿ ಎತ್ತರದ ಇಟ್ಟಿಗೆ ಮೇಲೆ, ನೆಲಕ್ಕೆ ತಾಗದ ಹಾಗೆ ಇಟ್ಟರೆ ಗೆದ್ದಲು ಹತ್ತೋದು ಕಮ್ಮಿ, ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತೆ.